ಅತ್ತೆಯ ದನಿಯ ಕಾದಂಬರಿ

ಆ ಊರಿನ ಗ್ರಂಥಾಲಯದ ಕೇಳು-ಪುಸ್ತಕಗಳನ್ನು ಮನೆಯವರೊಬ್ಬರ ದನಿಯಲ್ಲೇ ಕೇಳಬೇಕಿತ್ತು; ಆರಿಸಿದವರ ದನಿಯಲ್ಲಿ ಯಂತ್ರವೇ ಓದುತ್ತಿತ್ತು. ಗಂಡನ ದನಿ ಕೇಳಿದರೆ ತನಗೆ ನಿದ್ದೆ ಬರುತ್ತದೆಂದು ಶಾಲ್ಮಲಾ ಈ ಸಲ ಅತ್ತೆ ಚನ್ನವ್ವನ ದನಿ ಆರಿಸಿದ್ದಳು. ಕಾದಂಬರಿಯ ಎಳೆಯ ವಿಧವೆ, "ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ" ಎಂದಾಗ, ರೊಟ್ಟಿ ಬೇಯಿಸುತ್ತಿದ್ದ ಶಾಲ್ಮಲಾ ಬಿಕ್ಕಿಬಿಕ್ಕಿ ಅತ್ತಳು.

"ರೊಟ್ಟಿ ಸುಟ್ಟು ಹೋತು! ಕಣ್ಣು ಎಲ್ಲಿಟ್ಟೀಯವ್ವಾ?" ಪಡಸಾಲೆಯಿಂದ ಅದೇ ದನಿ ಗದರಿತು.

ಬೇರೆ ಮನೆ ಮಾಡುತ್ತೇವೆಂದು ಇವತ್ತು ಅತ್ತೆಗೆ ಹೇಳಿಯೇಬಿಡಬೇಕೆಂದಿದ್ದಳು. ಅದರ ಬದಲು ಒಲೆಯ ಉರಿ ತಗ್ಗಿಸಿದಳು. ಈಗಷ್ಟೇ ಅತ್ತದ್ದು ಯಾರಿಗಾಗಿ, ಆ ವಿಧವೆಗೋ, ಅತ್ತೆಗೋ?

"ಅತ್ತೀ, ನೀವು ಯಾರ ದನಿ ಹಚ್ಚಿ ಕೇಳ್ತೀರಿ?"

"ನಿಂದೇ. ಮನ್ಯಾಗಂತೂ ನೀ ನನ್ನ ಜೋಡಿ ಮಾತಾಡಂಗಿಲ್ಲ. ಪುಸ್ತಕದಾಗರ ಮಾತಾಡ್ತಿ."

ಬೇರೆ ಮನೆಯ ವಿಷಯವನ್ನು ಗದರುವ ಅತ್ತೆಯ ಮುಂದೋ, ತನ್ನ ದನಿಗೆ ಕಿವಿಗೊಡುವ ಅತ್ತೆಯ ಮುಂದೋ, ಇನ್ನು ಯಾರ ಮುಂದೆ ಹೇಳಬೇಕೆಂದೇ ತಿಳಿಯದೆ ಶಾಲ್ಮಲಾ ಸುಟ್ಟ ರೊಟ್ಟಿಯನ್ನೇ ಮತ್ತೊಮ್ಮೆ ಹಂಚಿಗೆ ಹಾಕಿದಳು.