ಟ್ಯಾಂಕಿನ ಅಳತೆ ಪುಸ್ತಕ

ಶಾಲೆಯ ಬಾವಿ ನೀರಿಗೆ ಪೆಟ್ರೋಲ್ ವಾಸನೆ ಹೊಡೆಯುತ್ತಿದೆ ಎಂದು ಫಿಲೋಮಿನಾ ಟೀಚರ್ ಜಿಲ್ಲಾಧಿಕಾರಿಗಳವರೆಗೂ ದೂರು ಒಯ್ದದ್ದರಿಂದ, ತಪಾಸಣಾಧಿಕಾರಿ ವಿಶ್ವಂಭರ ಉರಿಬಿಸಿಲಲ್ಲಿ ಪಕ್ಕದ ಬಂಕಿಗೆ ಬರಬೇಕಾಯಿತು. ಟೀಚರೂ ಜೊತೆಗೆ ಬಂದಿದ್ದರು. ಎದುರಿಗೆ ಬಂಕಿನ ಮ್ಯಾನೇಜರ್ ಶೀನಪ್ಪ ಕೈಕಟ್ಟಿ ನಿಂತಿದ್ದ. ಇಂಥ ಮಂದಿಯನ್ನು ಕಂಡರೆ ವಿಶ್ವಂಭರನಿಗೆ ಮೊದಲಿನಿಂದಲೂ ತಾತ್ಸಾರ.

ನೆಲದಡಿಯ ಟ್ಯಾಂಕಿಗೆ ದಿನಾ ಅಳತೆಕೋಲು ಇಳಿಸಿ ಮಟ್ಟ ಬರೆದಿಡಬೇಕಾದ ಪುಸ್ತಕವನ್ನು ಅವನು ಹೊಲಸು ಮುಟ್ಟುವವನಂತೆ ಎರಡು ಬೆರಳಲ್ಲಿ ತೆರೆದ.

“ವರ್ಷವಿಡೀ ಒಂದೇ ಶಾಯಿ. ಕೂತಲ್ಲೇ ಗೀಚಿದ್ದಲ್ವಾ ಇದು?”

ಒಂದು ಪುಟದ ಕೊನೆಯ ಸಾಲಿಗೆ ಬಂದಾಗ ವಿಶ್ವಂಭರನಿಗೆ ನಗು ತಡೆಯಲಾಗಲಿಲ್ಲ.

“ನೋಡಿ ಟೀಚರ್, ಜೂನ್ ಮೂವತ್ತೊಂದಂತೆ. ಜೂನಿಗೆ ಮೂವತ್ತೇ ದಿನ ಅಂತ ನಿಮ್ಮ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತುಂಟು. ಇಂಥ ದಡ್ಡರ ಕೈಗೆ ಟ್ಯಾಂಕ್ ಕೊಟ್ಟರೆ ಬಾವಿಗೆ ಪೆಟ್ರೋಲ್ ಬರದೆ ಪನ್ನೀರು ಬರ್ತದಾ?” ಆಮೇಲೆ ಶೀನಪ್ಪನ ಕಡೆ ತಿರುಗಿ, “ಬಂಕಿಗೆ ಇವತ್ತೇ ಬೀಗ. ಸುಳ್ಳು ಬರೆದವನು ಕಂಬಿ ಎಣಿಸಬೇಕು,” ಎಂದ.

“ಹಾಗೇ ಆಗಲಿ ಸಾರ್.” ಶೀನಪ್ಪ ಪುಟ ಮಗುಚಿ ಪುಸ್ತಕವನ್ನು ಟೀಚರ ಕೈಗೆ ಕೊಟ್ಟ. “ಇದನ್ನೂ ಒಮ್ಮೆ ಓದಿ ಟೀಚರ್.”

ಟೀಚರ್ ಕನ್ನಡಕ ಸರಿಮಾಡಿಕೊಂಡು, ತರಗತಿಯಲ್ಲಿ ಓದುವಂತೆ ಗಟ್ಟಿಯಾಗಿ ಓದಿದರು:

“ಜೂನ್ ಮೂವತ್ತೊಂದರಂದು ಖುದ್ದಾಗಿ ಬಂದು ಟ್ಯಾಂಕ್ ಪರೀಕ್ಷಿಸಿದ್ದೇನೆ, ಸೋರಿಕೆ ಇಲ್ಲ. ಸಹಿ, ವಿಶ್ವಂಭರ, ತಪಾಸಣಾಧಿಕಾರಿ.”