ಪರಂಗಿಕಾಯಿಯ ಸಿಪ್ಪೆ

ಗಾಜಿನ ಪ್ರನಾಳದ ಅಂಚಿನಿಂದ ತಣ್ಣನೆಯ ಸ್ಪಿರಿಟ್ ಇಳಿಸುತ್ತಿದ್ದ ಖುಷ್ನುಮಾಳ ಬೆರಳುಗಳಿಂದ ಇನ್ನೂ ಪರಂಗಿಕಾಯಿಯ ವಾಸನೆ ಹೋಗಿರಲಿಲ್ಲ. ಎದುರಿಗೆ ಪರೀಕ್ಷಕ ಭೀಮರಾಜು ಕೈಕಟ್ಟಿ ನಿಂತಿದ್ದರು. "ಇದೇನು ಕಾಲೇಜ್ ಲ್ಯಾಬೋ, ಬಿರಿಯಾನಿ ಮನೆಯೋ?" ಎಂದು ಆಗಲೇ ಒಮ್ಮೆ ನಕ್ಕಿದ್ದರು.

ಮೇಕೆಯ ಲಿವರ್‌ನಿಂದ ಡಿಎನ್‌ಎ ಬೇರ್ಪಡಿಸುವುದು ಅವಳ ಪ್ರಯೋಗ. ಡಿಎನ್‌ಎಗೆ ಅಂಟಿಕೊಂಡ ಪ್ರೋಟೀನನ್ನು ಕತ್ತರಿಸಲು ಎಂಜೈಮ್ ಬೇಕು. ಕಾಲೇಜಿನಲ್ಲಿದ್ದ ಒಂದೇ ಬಾಟಲಿ ಖಾಲಿಯಾಗಿತ್ತು. ಪರಂಗಿಯಲ್ಲೂ ಅಂಥದೇ ಎಂಜೈಮ್ ಇದೆಯೆಂದು ಓದಿ, ಒಳ್ಳೊಳ್ಳೆಯ ಹಣ್ಣನ್ನೇ ಆರಿಸಿ ತಂದು ಎರಡು ಸಲ ಸೋತಿದ್ದಳು. ಮದುವೆಮನೆಗಳಲ್ಲಿ ಅಡುಗೆ ಮಾಡುವ ಅಮ್ಮಿ ಶಾಹಜಾದಿ ಅದನ್ನು ಕೇಳಿ ಹಣೆ ಚಚ್ಚಿಕೊಂಡಿದ್ದಳು. "ಅರೆ ಬೇಟಿ, ಹಣ್ಣು ಹಾಕಿದ್ರೆ ಮಟನ್ ಮೆತ್ತಗಾಗ್ತದಾ? ಹಸಿ ಕಾಯಿ ತಗೊಂಡು ಸಿಪ್ಪೆ ಸಮೇತ ರುಬ್ಬು. ತಾಕತ್ತೆಲ್ಲ ಆ ಸಿಪ್ಪೆ ಹಾಲಲ್ಲೇ ಇರೋದು!"

ಇದು ಮೂರನೆಯ ಸಲ, ಕೊನೆಯ ಅವಕಾಶ. ಪ್ರನಾಳದಲ್ಲಿ ಏನೋ ಅಲುಗಿತು. ಲಿವರ್‌ನ ಕೆಂಪು ರಸದಿಂದ ಡಿಎನ್‌ಎಯ ಬಿಳಿಯ ಎಳೆಗಳು ಒಂದರ ಹಿಂದೊಂದು ಎದ್ದು, ಹಿಂಜಿದ ಹತ್ತಿಯಂತೆ ಸ್ಪಿರಿಟ್‌ನಲ್ಲಿ ತೇಲಿದವು. ಖುಷ್ನುಮಾ ಅವನ್ನು ಗಾಜಿನ ಕಡ್ಡಿಗೆ ಸುತ್ತಿ ಎತ್ತಿ ಹಿಡಿದಳು.

ಭೀಮರಾಜು ಕಟ್ಟಿದ್ದ ಕೈ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು; ಆಮೇಲೆ ಅವಳ ರೆಕಾರ್ಡ್ ಪುಸ್ತಕ ತಿರುವಿದರು. "ಭಲೇ! ಸಿಪ್ಪೆ ಸಮೇತ ರುಬ್ಬೋದು ಯಾವ ಪುಸ್ತಕದಲ್ಲಿ ಸಿಕ್ತಮ್ಮ? ರೆಕಾರ್ಡಲ್ಲಿ ಆಧಾರದ ಜಾಗ ಖಾಲಿ ಬಿಟ್ಟಿದೀಯಲ್ಲ."

ಖುಷ್ನುಮಾ ಪೆನ್ನು ತೆಗೆದುಕೊಂಡು, ಅದೇ ಪರಂಗಿ ವಾಸನೆಯ ಕೈಯಲ್ಲಿ ದಪ್ಪಕ್ಷರಗಳಲ್ಲಿ ಬರೆದಳು: ಶಾಹಜಾದಿ, ಮದುವೆ ಅಡುಗೆಯವರು, ಶಿರಾ.