ನಡುವಿನ ಪದ

ಅತ್ತೆ ಬರೆದ ಶಿಫಾರಸು ಪತ್ರದ ಎರಡನೇ ಸಾಲಿಗೇ ಸೊಸೆ ಓದು ನಿಲ್ಲಿಸಿದಳು. “ಈಕೆ ಆರು ವರ್ಷ ನನ್ನ ಸೊಸೆಯಾಗಿದ್ದಳು. ಆದರೂ ಕೆಲಸದಲ್ಲಿ ಬಲು ಚುರುಕು.”

“ಆದರೂ ಅಂದ್ರೆ ಏನತ್ತೆ? ಸೊಸೆ ಆದೋರೆಲ್ಲ ಸೋಮಾರಿಗಳಾ?”

“ಹಾಗಂತ ನಾನೆಲ್ಲಿ ಬರೆದಿದ್ದೀನಿ?”

“ನೀವು ಬರೀಲಿಲ್ಲ. ಆ ಒಂದು ಪದ ಹೇಳ್ತಿದೆ.”

ಶಿಶುವಿಹಾರದ ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಮೊಣಕಾಲೆತ್ತರದ ಪುಟ್ಟ ಕುರ್ಚಿಗಳಲ್ಲಿ ಇಬ್ಬರೂ ಮುದುಡಿ ಕೂತಿದ್ದರು. ಮೇಜಿನ ಮೇಲೆಲ್ಲ ಪುಟಾಣಿ ಅಂಗೈಗಳ ಬಣ್ಣದ ಗುರುತು. ಶಾಲೆ ಅತ್ತೆಯದು, ಪಾಠ ಸೊಸೆಯದು. ಮೂರು ತಿಂಗಳ ಹಿಂದೆ ಕೋರ್ಟು ಅವಳನ್ನೂ ಅವಳ ಗಂಡನನ್ನೂ ಬೇರೆ ಮಾಡಿತ್ತು. ‘ಅತ್ತೆ’ ಎಂಬ ಕರೆಯನ್ನು ಬಿಡಿಸಲು ಮಾತ್ರ ಯಾವ ವಕೀಲರೂ ಬಂದಿರಲಿಲ್ಲ. ನಾಳೆ ಬೆಳಿಗ್ಗೆ ದೊಡ್ಡ ಶಾಲೆಯೊಂದರಲ್ಲಿ ಅವಳಿಗೆ ಸಂದರ್ಶನ. ಈಗಿರುವ ಶಾಲೆಯಿಂದ ಪತ್ರ ತರಬೇಕು, ಪತ್ರ ಕೊಟ್ಟವರು ಸಂಬಂಧಿಕರಾದರೆ ಅದನ್ನೂ ಮುಚ್ಚಿಡದೆ ತಿಳಿಸಬೇಕು ಎಂದು ಆ ದೊಡ್ಡ ಶಾಲೆಯವರು ಹೇಳಿದ್ದರು.

ಅತ್ತೆ ಹೊಸ ಹಾಳೆ ತೆಗೆದರು. “ನನ್ನ ಮಗನಿಂದ ವಿಚ್ಛೇದನ ಪಡೆದಳು. ಅದೂ ಸಾಲದೆಂಬಂತೆ ಈಗ ಶಾಲೆಯನ್ನೂ ಬಿಡುತ್ತಿದ್ದಾಳೆ.”

“ಅದೂ ಸಾಲದೆಂಬಂತೆ! ಇದೇನು ಶಿಫಾರಸಾ, ಚಾಡಿಯಾ?”

“ಹಾಗಾದ್ರೆ ಈ ನಡುವಿನ ಪದಗಳ ಸಹವಾಸವೇ ಬೇಡ,” ಎಂದು ಅತ್ತೆ ಇನ್ನೊಂದು ಹಾಳೆ ತುಂಬಿದರು. “ಈಕೆ ಆರು ವರ್ಷ ನನ್ನ ಸೊಸೆ. ಮಕ್ಕಳಿಗೆ ಈಕೆಯೆಂದರೆ ಪ್ರಾಣ. ವಿಚ್ಛೇದನವಾಗಿದೆ. ಶಾಲೆ ಬಿಡುತ್ತಿದ್ದಾಳೆ.”

ಸೊಸೆ ಗಟ್ಟಿಯಾಗಿ ಓದಿದಳು. ಸಾಲುಗಳು ಮುನಿಸಿಕೊಂಡ ನೆಂಟರ ಹಾಗೆ ಒಂದಕ್ಕೊಂದು ಬೆನ್ನು ಹಾಕಿ ಕೂತಿದ್ದವು. “ಇದು ಇನ್ನೂ ಅಪಾಯ ಅತ್ತೆ. ಮಧ್ಯೆ ನೀವೇನೂ ಹೇಳದಿದ್ರೆ ಓದೋರು ತಮಗೆ ತೋಚಿದ್ದನ್ನ ತುಂಬ್ಕೋತಾರೆ. ಇಷ್ಟು ವರ್ಷ ಪಾಠ ಹೇಳಿದೋರು ನೀವು. ಬೇಕಂತಲೇ ಕೆಡಿಸ್ತಿದ್ದೀರಾ?”

ಅತ್ತೆ ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು. “ಪತ್ರ ಮುಗಿದ್ರೆ ನೀನು ಎದ್ದು ಹೋಗ್ತೀಯಲ್ಲ.”

ಸೊಸೆ ಮೇಜಿನ ಮೇಲಿನ ಬಣ್ಣವನ್ನು ಉಗುರಿನಿಂದ ಕೆರೆಯತೊಡಗಿದಳು. “ನಿಮ್ಮನ್ನ ಬಿಟ್ಟು ಹೋಗೋಕೆ ನನಗೇನು ಖುಷಿನಾ? ದಿನಾ ನಿಮ್ಮ ಜೊತೆ ಇದ್ರೆ ಆ ಮನೆ ಬಿಟ್ಟಿದ್ದೇ ಮರೆತುಹೋಗುತ್ತೆ. ಸಂಜೆಯಾದ್ರೆ ಕಾಲು ಆ ಕಡೆಗೇ ತಿರುಗುತ್ತೆ.”

ಅಷ್ಟರಲ್ಲಿ ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ತಾಯಿಯನ್ನು ಕರೆದೊಯ್ಯಲು ಬಂದ ಮಗ ಬಾಗಿಲಲ್ಲಿ ತಲೆ ತೂರಿಸಿದ. ಮಾಜಿ ಹೆಂಡತಿಯನ್ನು ಕಂಡದ್ದೇ ಅವನ ಮುಖ ಅರಳಿತು.

“ಅಬ್ಬ, ಸಿಕ್ಕಿದ್ಯಲ್ಲ! ನನ್ನ ನೀಲಿ ಶರ್ಟು ಎಲ್ಲಿಟ್ಟಿದ್ದೀಯ? ಬೆಳಿಗ್ಗೆಯಿಂದ ಹುಡುಕಿ ಹುಡುಕಿ ಸಾಕಾಯ್ತು.”

ಸೊಸೆ ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ, ಚಪ್ಪಲಿ ಅದಲುಬದಲು ಹಾಕಿಕೊಂಡ ಮಗುವಿಗೆ ಹೇಳುವ ದನಿಯಲ್ಲಿ ಹೇಳಿದಳು: “ಬೀರುವಿನ ಎರಡನೇ ಅರೆಯಲ್ಲಿ ಹೊದಿಕೆ ಇದೆ. ಅದನ್ನ ಎತ್ತಿ ನೋಡಿ. ಕೆಳಗಿದೆ.”

“ಓ, ಎತ್ತಿ ನೋಡಬೇಕಾ? ಅದಕ್ಕೇ ಕಾಣ್ಲಿಲ್ಲ!”

ಅತ್ತೆ ಇಬ್ಬರನ್ನೂ ಒಮ್ಮೆ ನೋಡಿದರು. ಮತ್ತೊಂದು ಹಾಳೆ ಎಳೆದುಕೊಂಡು ಒಂದೇ ಉಸಿರಿಗೆ ಬರೆದು, ಸಹಿ ಹಾಕಿ, ಶಾಲೆಯ ಮೊಹರು ಒತ್ತಿ ಸೊಸೆಯ ಕೈಗಿತ್ತರು.

“ಈಕೆ ನನ್ನ ಮಗನೊಂದಿಗೆ ಆರು ವರ್ಷ ಸಂಸಾರ ಮಾಡಿದ್ದಾಳೆ. ಆದ್ದರಿಂದ ಚಿಕ್ಕ ಮಕ್ಕಳನ್ನು ಸಂಭಾಳಿಸುವ ತಾಳ್ಮೆ ಈಕೆಗೆ ಇದೆಯೇ ಎಂಬ ಸಂದೇಹ ಯಾರಿಗೂ ಬೇಡ. ಇಂಥವಳನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಹಾಗಿದ್ದೂ ಕಳಿಸಿಕೊಡುತ್ತಿದ್ದೇನೆ.”

ಸೊಸೆ ನಗುತ್ತಲೇ ಓದಿದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಸೆರಗಿನ ಅಂಚು ಕಣ್ಣಿಗೆ ಬೇಕಾಯಿತು. ಮಗ ಅವಳ ಭುಜದ ಮೇಲಿಂದ ಇಣುಕಿ ಓದಿದ. ಇನ್ನೊಮ್ಮೆ ಓದಿದ.

“ಚೆನ್ನಾಗಿ ಬರೆದಿದ್ದೀಯಮ್ಮ,” ಎಂದ. “ಅಲ್ಲಿ ‘ಆದ್ದರಿಂದ’ ಯಾಕೆ ಬಂತು, ಅದೊಂದು ಗೊತ್ತಾಗ್ಲಿಲ್ಲ.”